ಚಲನಚಿತ್ರಗಳೂ ಮಕ್ಕಳ ಪ್ರಾಯವೂ

ಬೂದಿಕೋಟೆಯ ಒಂದು ಮನೆಯಲ್ಲಿ ಹದಿನಾಲ್ಕು ವರುಷದ ಒಬ್ಬ ಮಗನೂ ಏಳು ವರುಷದ ಇನ್ನೊಬ್ಬ ಮಗನೂ ಇದ್ದಾರೆ. ತಾಯಿ ಹೊತ್ತು ಹುಟ್ಟುವದಕ್ಕೆ ಮುಂಚೆಯೇ ಎದ್ದು ಬಂಗಾರಪೇಟೆಗೆ ಹೋಗಿ, ಅಲ್ಲಿಂದ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಮರಳಿ ಬರುವಾಗ ಕತ್ತಲೆಯಾಗಿರುತ್ತದೆ. ಮನೆಯಲ್ಲಿ ತಾತನೂ ಅಜ್ಜಿಯೂ ಇರುತ್ತಾರೆ. ಅಜ್ಜಿಯ ವಶದಲ್ಲಿ ಒಂದು ಮೊಬೈಲು ಇರುತ್ತದೆ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಆ ತಾಯಿಯು ನನ್ನನ್ನು ತಡೆದು ನಿಲ್ಲಿಸಿ, "ಅಯ್ಯನವರೇ, ದೊಡ್ಡವನು ಕೆ.ಜಿ.ಎಫ್. ಸಿನೆಮಾ ನೋಡುತ್ತೇನೆಂದು ಹಟ ಹಿಡಿದಿದ್ದಾನೆ. ಅವನಿಗೆ ಅಪ್ಪಣೆ ಕೊಟ್ಟರೆ ಚಿಕ್ಕವನೂ ಪಕ್ಕದಲ್ಲಿ ಕೂತು ನೋಡುತ್ತಾನೆ. ಕೊಡಬಹುದೋ ಕೂಡದೋ, ಒಂದು ಮಾತು ಹೇಳಿರಿ" ಎಂದು ಕೇಳಿದರು. ನಾನು ಆ ದಿನ ಉತ್ತರ ಕೊಡಲಾರದೆ ಹೋದೆನು. ಆಗ ಹೇಳಲಾರದ್ದನ್ನು ಈಗ ಬರೆಯುತ್ತೇನೆ. ಯಾಕಂದರೆ ಈ ಪ್ರಶ್ನೆ ಆ ಒಂದು ಮನೆಯದಲ್ಲ.

ಸರಕಾರದ ಕಟ್ಟಳೆಯೇ ಇದನ್ನು ತೀರ್ಮಾನಿಸಿದೆಯಲ್ಲಾ ಎಂದು ಕೆಲವರು ಹೇಳುವರು. ನಮ್ಮ ದೇಶದಲ್ಲಿ ಚಿತ್ರಗಳನ್ನು ಪರೀಕ್ಷಿಸುವದಕ್ಕೆ 1918ರಲ್ಲಿಯೇ ಕಾಯಿದೆ ಆಯಿತು. ಆದರೆ ದೊಡ್ಡವರಿಗೆ ಮಾತ್ರ ತಕ್ಕ ಚಿತ್ರಕ್ಕೆ ಎ ಎಂತಲೂ ಎಲ್ಲರಿಗೂ ತಕ್ಕ ಚಿತ್ರಕ್ಕೆ ಯು ಎಂತಲೂ ಬೇರೆ ಬೇರೆ ಗುರುತು ಹಾಕುವ ಪದ್ಧತಿಯು 1949ರ ತಿದ್ದುಪಡಿಯಿಂದ ಬಂತು. 1983ರಲ್ಲಿ ಅವುಗಳ ನಡುವೆ ಯು/ಎ ಎಂಬ ಗುರುತು ಸೇರಿತು. ಹನ್ನೆರಡು ವರುಷಕ್ಕೆ ಕಡಿಮೆಯಾದ ಮಕ್ಕಳು ತಂದೆತಾಯಿಗಳ ವಿವೇಚನೆಯ ಮೇರೆಗೆ ನೋಡಬೇಕೆಂಬದು ಅದರ ಅರ್ಥ. 2023ರ ತಿದ್ದುಪಡಿಯು ಆ ಒಂದು ಗುರುತನ್ನು ಮೂರಾಗಿ ಒಡೆದು ಏಳು, ಹದಿಮೂರು, ಹದಿನಾರು ಎಂದು ಮೂರು ಮೆಟ್ಟಲುಗಳನ್ನು ಮಾಡಿತು. ಮಕ್ಕಳೆಂದರೆ ಎಲ್ಲರೂ ಒಂದೇ ಎಂಬ ಎಣಿಕೆ ಸಲ್ಲದೆಂದು ಸರಕಾರವೂ ಮೆಲ್ಲಮೆಲ್ಲನೆ ಒಪ್ಪಿಕೊಂಡಿತೆಂದು ಇದರಿಂದ ತಿಳಿಯಬಹುದು.

ಆದರೆ ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಎ ಗುರುತಿನ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಬಾಗಲಲ್ಲಿಯೇ ತಡೆಯಬೇಕೆಂಬದು ಕಾಯಿದೆ. ಯು/ಎ ಎಂಬದಾದರೋ ಬಾಗಲು ಮುಚ್ಚುವದಿಲ್ಲ. ಅದು ತಂದೆತಾಯಿಗಳಿಗೆ ಬರೆದ ಒಂದು ಕಾಗದದಂತಿದೆ. 2018ರ ದಶಂಬರದಲ್ಲಿ ಬಂದ ಕೆ.ಜಿ.ಎಫ್. ಚಿತ್ರದ ಮೊದಲನೆಯ ಭಾಗಕ್ಕೂ 2022ರ ಏಪ್ರಿಲಿನಲ್ಲಿ ಬಂದ ಎರಡನೆಯ ಭಾಗಕ್ಕೂ ದೊರೆತದ್ದು ಈ ಗುರುತೇ. ಹದಿನಾಲ್ಕರವನು ಆ ಗುರುತನ್ನು ದಾಟಿದ್ದಾನೆ, ಏಳರವನು ದಾಟಿಲ್ಲ. ಆದರೂ ಇಬ್ಬರಲ್ಲಿ ಯಾರನ್ನೂ ಕಾಯಿದೆ ತಡೆಯುವದಿಲ್ಲ. ಕಾಗದದ ಮೇಲಿನ ವಿಳಾಸ ತಾಯಿಯದು, ತಾಯಿಯೋ ರೈಲಿನಲ್ಲಿದ್ದಾರೆ. ಮೊಬೈಲಿಗೆ ಬಾಗಲು ಕಾಯುವವನೂ ಇಲ್ಲ.

ಕೂಸಿಗೆ ಮುದ್ದೆ ಉಣ್ಣಿಸುವದು ಯಾವಾಗ ಎಂಬದನ್ನು ನಮ್ಮ ಸೀಮೆಯ ಯಾವ ತಾಯಿಯೂ ತಿಂಗಳು ಎಣಿಸಿ ನಿಶ್ಚಯಿಸುವದಿಲ್ಲ. ಮೊದಲು ರಾಗಿ ಸರಿಯನ್ನು ತೆಳ್ಳಗೆ ಕಾಸಿ ಕುಡಿಸುತ್ತಾಳೆ. ಆ ಮೇಲೆ ಒಂದು ದಿನ ಕಾಳಿನಷ್ಟು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಬಾಯಲ್ಲಿಟ್ಟು, ನುಂಗುತ್ತದೋ ಉಗುಳುತ್ತದೋ ಎಂದು ಮಗುವಿನ ಗಂಟಲನ್ನೇ ನೋಡುತ್ತಾಳೆ. ಅಕ್ಕನ ಮಗು ಇಷ್ಟು ತಿಂಗಳಿಗೆ ನುಂಗಿತೆಂದು ತನ್ನ ಮಗುವಿನ ಬಾಯಿಗೆ ತುರುಕುವದಿಲ್ಲ. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬದನ್ನು ಕಲಿಯುವ ವರೆಗೆ ದೊಡ್ಡ ತುತ್ತು ಕೊಡುವದೂ ಇಲ್ಲ. ಗಂಟಲಾದರೆ ಕಣ್ಣಿಗೆ ಕಾಣುತ್ತದೆ, ಮನಸ್ಸು ಕಾಣುವದಿಲ್ಲ. ಹಾಗಾದರೆ ಮಗುವಿನಲ್ಲಿ ನಾವು ನೋಡಬೇಕಾದದ್ದು ಯಾವದು?

ನಮ್ಮ ಹಳ್ಳಿಗಳಲ್ಲಿ ಹಿಂದೆ ಕೇಳಿಕೆ, ಬಯಲಾಟಗಳು ರಾತ್ರಿಯೆಲ್ಲಾ ನಡೆಯುತ್ತಿದ್ದವು. ದುಶ್ಶಾಸನನನ್ನು ಕೊಲ್ಲುವದನ್ನೂ ಕೀಚಕನನ್ನು ಕೊಲ್ಲುವದನ್ನೂ ಚಾಪೆಯ ಮೇಲೆ ಅರೆನಿದ್ದೆಯಲ್ಲಿ ಕೂತ ಮಕ್ಕಳು ನೋಡುತ್ತಿದ್ದರು. ಯಾರೂ ಅವರ ವಯಸ್ಸು ಕೇಳಲಿಲ್ಲ. ಅದರಿಂದ ಅವರು ಕೆಟ್ಟರೆಂದು ಹೇಳಿದವರೂ ಕಡಿಮೆ. ಇದಕ್ಕೆ ಕಾರಣವೇನೆಂದರೆ, ಹಿಂದಿನ ರಾತ್ರಿ ಅಬ್ಬರಿಸಿದ ದುರ್ಯೋಧನನು ಮರುದಿನ ಬೆಳಿಗ್ಗೆ ಕಿವಿಯ ಹಿಂದೆ ಇನ್ನೂ ಬಣ್ಣ ಅಂಟಿರುವಾಗಲೇ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗುವದನ್ನು ಮಗುವು ನೋಡುತ್ತಿತ್ತು. ಇದು ವೇಷ, ಅದು ಮನುಷ್ಯ ಎಂಬ ಭೇದವನ್ನು ಊರೇ ಕಲಿಸುತ್ತಿತ್ತು. ಸಿನೆಮಾದ ವೇಷಧಾರಿಯು ನಮ್ಮ ಕೆರೆಯ ಏರಿಯ ಮೇಲೆ ನಡೆಯುವದಿಲ್ಲ. ಅಲ್ಲಿ ಬಣ್ಣ ತೊಳೆಯುವದನ್ನು ಯಾರೂ ತೋರಿಸುವದಿಲ್ಲ. ಆದಕಾರಣ ಮಗುವಿಗೆ ಎಷ್ಟು ವರುಷ ಎಂದು ಕೇಳುವದಕ್ಕೆ ಮುಂಚೆ, ವೇಷವನ್ನೂ ಮನುಷ್ಯನನ್ನೂ ಬೇರೆ ಮಾಡುವ ಬುದ್ಧಿ ಬಂದಿದೆಯೋ ಎಂದು ಕೇಳಬೇಕು.

ಈ ಮಾತನ್ನು ನನ್ನ ಅನುಭವದಿಂದಲೂ ಹೇಳುತ್ತೇನೆ. 1978ರಲ್ಲಿ ತೆಲುಗಿನಲ್ಲಿ "ಕರುಣಾಮಯುಡು" ಎಂಬ ಯೇಸುವಿನ ಚರಿತ್ರೆಯ ಚಿತ್ರ ಬಂತು. ಮುಂದೆ ಅನೇಕ ವರುಷಗಳ ವರೆಗೆ ಅದನ್ನು ಹಳ್ಳಿಹಳ್ಳಿಗಳಲ್ಲಿ ಪರದೆ ಕಟ್ಟಿ ತೋರಿಸಿದರು. ನಮ್ಮ ಬೀದಿಯಲ್ಲಿ ತೋರಿಸಿದಾಗ ನಾನು ಆರು ವರುಷದವನು. ಕೊರಡೆಯ ಏಟುಗಳೂ ಮೊಳೆಗಳೂ ಬಂದಾಗ ನನ್ನ ಸುತ್ತಲಿದ್ದ ಹಿರಿಯರು ಕಣ್ಣೀರು ಸುರಿಸಿದರು. ನಾನು ಚಿಕ್ಕಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆನು. ಆ ಮೇಲೆ ಎಷ್ಟೋ ರಾತ್ರಿ ಬಡಗಿಯ ಸುತ್ತಿಗೆಯ ಸಪ್ಪಳವನ್ನು ನೆನಸಿ ನಿದ್ದೆ ಬಾರದೆ ಹೊರಳಾಡಿದ್ದುಂಟು. ಹಿರಿಯರು ಅತ್ತದ್ದು ಒಂದು ಕಾರಣಕ್ಕೆ, ನಾನು ಹೆದರಿದ್ದು ಮತ್ತೊಂದು ಕಾರಣಕ್ಕೆ. ಚಿತ್ರದಲ್ಲಿ ತಪ್ಪಿರಲಿಲ್ಲ, ತೋರಿಸಿದವರ ಮನಸ್ಸಿನಲ್ಲಿಯೂ ತಪ್ಪಿರಲಿಲ್ಲ. ಆದರೂ ಮರುದಿನ ನನ್ನನ್ನು ಹತ್ತಿರ ಕೂಡ್ರಿಸಿಕೊಂಡು "ಏನು ನೋಡಿದೆಯಪ್ಪಾ?" ಎಂದು ಒಬ್ಬರಾದರೂ ಕೇಳಿದ್ದರೆ ಆ ಭಯ ಅಷ್ಟು ದಿನ ನಿಲ್ಲುತ್ತಿರಲಿಲ್ಲ. ಒಳ್ಳೆಯ ಚಿತ್ರವಾದ್ದರಿಂದ ಎಲ್ಲಾ ಪ್ರಾಯದವರಿಗೂ ಆಗುತ್ತದೆಂದು ತಿಳಿಯುವದು ನಮ್ಮವರ ದೊಡ್ಡ ತಪ್ಪು. 2004ರಲ್ಲಿ ಮೆಲ್ ಗಿಬ್ಸನ್ ತೆಗೆದ ಕ್ರಿಸ್ತನ ಶ್ರಮೆಯ ಚಿತ್ರಕ್ಕೆ ಅಮೆರಿಕದಲ್ಲಿ, ಹದಿನೇಳು ತುಂಬದವರು ತಂದೆತಾಯಿ ಇಲ್ಲವೆ ಪೋಷಕರ ಸಂಗಡವೇ ಬರಬೇಕೆಂಬ ಗುರುತನ್ನು ಹಾಕಿದರು. ನ್ಯಾಯಸ್ಥಾಪಕರು ಎಂಬ ಪುಸ್ತಕದಲ್ಲಿರುವ ಯೆಫ್ತಾಹನ ಮಗಳ ಸಂಗತಿಯನ್ನು ಸಂಡೇಸ್ಕೂಲಿನ ಯಾವ ಉಪಾಧ್ಯಾಯಿನಿಯೂ ಅತಿ ಚಿಕ್ಕ ವರ್ಗಕ್ಕೆ ಹೇಳುವದಿಲ್ಲ. ಆ ಪುಟದ ಮೇಲೆ ಯಾರೂ ಗುರುತು ಹಾಕಿಲ್ಲ, ಆದರೂ ಆಕೆಗೆ ಗೊತ್ತು.

ಮಕ್ಕಳ ಭಯದ ವಿಷಯವಾಗಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೋಆನ್ ಕ್ಯಾಂಟರ್ ಎಂಬ ಪಂಡಿತೆಯು ಬಹು ವರುಷ ಪರಿಶೋಧನೆ ಮಾಡಿದರು. ಎಳೆಯ ಮಕ್ಕಳು ಕಣ್ಣಿಗೆ ವಿಕಾರವಾಗಿ ಕಾಣುವದಕ್ಕೆ ಹೆದರುತ್ತಾರೆ. ದೊಡ್ಡ ಮಕ್ಕಳು ನಿಜವಾಗಿಯೂ ನಡೆಯಬಹುದಾದದ್ದಕ್ಕೆ ಹೆದರುತ್ತಾರೆ ಎಂದು ಅವರು ಕಂಡರು. 1983ರಲ್ಲಿ ಆ ದೇಶದ ಟೆಲಿವಿಜನ್ನಿನಲ್ಲಿ ಅಣುಯುದ್ಧದ ಒಂದು ಕಥಾಚಿತ್ರ ಬಂದಾಗ, ಎಲ್ಲರಿಗಿಂತ ಕಡಿಮೆ ಹೆದರಿದವರು ಅತಿ ಚಿಕ್ಕವರೇ. ಅಣುಬಾಂಬು ಎಂದರೇನೆಂಬದು ಅವರಿಗೆ ತಿಳಿದಿರಲಿಲ್ಲ. ಹೀಗಿರಲಾಗಿ ಮಗುವು ಹೆದರದೆ ನೋಡಿತೆಂಬದರಿಂದ ಅದು ಆ ಚಿತ್ರಕ್ಕೆ ತಕ್ಕಷ್ಟು ಬೆಳೆದಿದೆಯೆಂದು ಹೇಳಲಾಗದು. ತಿಳಿಯದ್ದರಿಂದಲೂ ಸುಮ್ಮನೆ ಕೂತಿರಬಹುದು. ಚಿಕ್ಕವನು ರಕ್ತ ನೋಡಿ ಅಳಲಿಲ್ಲ, ನಕ್ಕನು, ಆದ್ದರಿಂದ ಚಿಂತೆಯಿಲ್ಲ ಎನ್ನುವ ಅಜ್ಜಿಯಂದಿರಿಗೆ ನಾನು ಇದನ್ನೇ ಹೇಳುವದು: ಅವನು ಯಾವದಕ್ಕೆ ನಕ್ಕನೆಂದು ಕೇಳಿರಿ.

ಈಗ ಆ ಚಿತ್ರದ ಮಾತಿಗೆ ಬರುತ್ತೇನೆ. ಬಡತನದಲ್ಲಿ ಸತ್ತ ತಾಯಿಗೆ ಕೊಟ್ಟ ಮಾತಿಗಾಗಿ ಒಬ್ಬ ಹುಡುಗನು ಅಧಿಕಾರವನ್ನೂ ಐಶ್ವರ್ಯವನ್ನೂ ಹುಡುಕಿ ಹೊರಡುತ್ತಾನೆ. ಹೊಡೆದು ಕೊಂದು ಮೇಲೇರುತ್ತಾನೆ. ಏಳು ವರುಷದವನು ಇದರಿಂದ ತೆಗೆದುಕೊಳ್ಳುವದು ನಾಯಕನ ನಡಗೆಯನ್ನೂ ಗಡ್ಡವನ್ನೂ ಏಟುಗಳನ್ನೂ ಮಾತ್ರ. ಹದಿನಾಲ್ಕರವನಿಗಾದರೋ ಅದರಲ್ಲಿ ಒಂದು ನಿಜವಾದ ಪ್ರಶ್ನೆ ಇದೆ: ತಾಯಿಗೆ ಕೊಟ್ಟ ಮಾತನ್ನು ಕೊಲೆಯಿಂದ ಉಳಿಸಿಕೊಂಡರೆ ಅದು ಉಳಿಸಿಕೊಂಡ ಹಾಗಾಯಿತೋ? ಮೇಲೆ ಹೇಳಿದ ಯೆಫ್ತಾಹನ ಪ್ರಶ್ನೆಯೂ ಇದೇ ಜಾತಿಯದು. ಈ ಪ್ರಶ್ನೆಯನ್ನು ತಾನಾಗಿ ಕೇಳಬಲ್ಲವನು, ಇಲ್ಲವೆ ಬೇರೊಬ್ಬರು ಕೇಳಿದರೆ ಎರಡು ನಿಮಿಷ ಯೋಚಿಸಬಲ್ಲವನು, ಆ ಚಿತ್ರಕ್ಕೆ ತಕ್ಕವನಾಗಿದ್ದಾನೆಂದು ನನ್ನ ಅಭಿಪ್ರಾಯ. ಕೆಲವರಿಗೆ ಇಪ್ಪತ್ತೈದಾದರೂ ಆ ಯೋಗ್ಯತೆ ಬರುವದಿಲ್ಲ. ಅವರಿಗೆ ಟಿಕೇಟು ಕೊಡದಿರುವದಕ್ಕೆ ಯಾವ ಕಾಯಿದೆಯೂ ಇಲ್ಲ.

ನಮ್ಮ ಸೀಮೆಯ ಮಕ್ಕಳಿಗೆ ಇದರಲ್ಲಿ ಇನ್ನೊಂದು ತೊಡಕು ಉಂಟು. ಬೊಂಬಾಯಿಯ ಹುಡುಗನಿಗೆ ಅದು ಎಲ್ಲಿಯದೋ ಕಥೆ. ಬೂದಿಕೋಟೆಯ ಹುಡುಗನಿಗೆ ಅದು ತನ್ನ ತಾತನ ಊರು. ಚಿತ್ರ ತೆಗೆದದ್ದೂ ಅಲ್ಲಿನ ಸಯನೈಡ್ ದಿಬ್ಬಗಳ ಮೇಲೆಯೇ. ಗುರುತು ಹಿಡಿದ ಮಗು ಮಿಕ್ಕದ್ದೂ ನಿಜವೆಂದು ನಂಬುತ್ತದೆ. ಕಥೆಯಲ್ಲಿ 1951ರಲ್ಲಿ ಚಿನ್ನ ಸಿಕ್ಕುತ್ತದೆ, ನರಾಚಿ ಎಂಬ ಕಲ್ಪಿತ ಗಣಿಯಲ್ಲಿ ಜನರನ್ನು ಬಂದೂಕಿನ ಮುಂದೆ ದಾಸರಂತೆ ದುಡಿಸುತ್ತಾರೆ. ನಿಜವಾದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿಯವರು ಕೆಲಸ ಆರಂಭಿಸಿದ್ದು 1880ರಲ್ಲಿ. 1956ರಲ್ಲಿ ಮೈಸೂರು ಸರಕಾರ ಅವುಗಳನ್ನು ವಹಿಸಿಕೊಂಡಿತು. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಅಲ್ಲಿ ಕಷ್ಟವಿರಲಿಲ್ಲವೆಂದಲ್ಲ. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಬಿಸಿಯಾದ ಬಂಡೆಗಳ ನಡುವೆ, ಯಾವಾಗ ಬಂಡೆ ಸಿಡಿಯುವದೋ ಎಂಬ ಅಂಜಿಕೆಯಲ್ಲಿ ಜನರು ದುಡಿದರು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಟ್ಟು ಎಷ್ಟೋ ಮಂದಿ ಸತ್ತರು. ಆದರೆ ಅವರು ಒಬ್ಬ ವೀರನು ಬಂದು ಬಿಡಿಸುವನೆಂದು ಕಾದು ಕೂತಿರಲಿಲ್ಲ. ಬೆರಳಚ್ಚು ತೆಗೆದುಕೊಳ್ಳುವದನ್ನು ವಿರೋಧಿಸಿ 1930ರಲ್ಲಿ ತಾವೇ ಮುಷ್ಕರ ಹೂಡಿದರು.

ಆದಕಾರಣ ಈ ಚಿತ್ರದಲ್ಲಿ ಎಳೆಯ ಮನಸ್ಸಿಗೆ ರಕ್ತಕ್ಕಿಂತಲೂ ಹೆಚ್ಚಿನ ಅಪಾಯವು ತಾತನ ಸ್ಥಳಕ್ಕೆ ವೇಷಧಾರಿ ಬಂದು ಕೂಡ್ರುವದೇ ಎಂದು ನನಗೆ ತೋರುತ್ತದೆ.

ಹಾಗಾದರೆ ಸಿನೆಮಾವನ್ನೇ ಮನೆಯೊಳಕ್ಕೆ ಸೇರಿಸದಿದ್ದರೆ ಸರಿಯಲ್ಲವೋ? ನಮ್ಮ ಹಿರಿಯರಲ್ಲಿ ಅನೇಕರು ಹಾಗೆಯೇ ಮಾಡಿದರು. ನಾನೂ ಒಮ್ಮೆ ಬೇರೊಂದು ಮನೆಯವರಿಗೆ ಅದೇ ಉತ್ತರ ಕೊಟ್ಟೆನು. ಆ ಮನೆಯ ಹುಡುಗನು ಕಂಬಳಿಯೊಳಗೆ ಮೊಬೈಲು ಹಿಡಿದು ಅದಕ್ಕಿಂತ ಕೀಳಾದ ಚಿತ್ರಗಳನ್ನು ನೋಡಿದನು. ನೋಡಿ ಹೆದರಿದನು; ಹೆದರಿದ್ದನ್ನು ಹೇಳಿದರೆ ನೋಡಿದ್ದೂ ತಿಳಿಯುವದೆಂದು ಬಾಯಿ ಮುಚ್ಚಿಕೊಂಡು ಒಂದು ವರುಷ ಕೊರಗಿದನು. ಈ ಸಂಗತಿ ನನ್ನ ಮನಸ್ಸಾಕ್ಷಿಯನ್ನು ಈಗಲೂ ಚುಚ್ಚುತ್ತದೆ. ಎಲ್ಲವನ್ನೂ ಬಿಡುವ ತಂದೆಯೂ ಎಲ್ಲವನ್ನೂ ತಡೆಯುವ ತಂದೆಯೂ ಒಂದೇ ಕೆಲಸದಿಂದ ತಪ್ಪಿಸಿಕೊಳ್ಳುತ್ತಾರೆ. ಮಗುವಿನ ಪಕ್ಕದಲ್ಲಿ ಕೂತು ಅದರ ಮುಖವನ್ನು ನೋಡುವದೇ ಆ ಕೆಲಸ. ಪಕ್ಕದ ಮನೆಯ ಮೊಬೈಲಿನಲ್ಲಿ ನೋಡಿದರೆ ಏನು ಮಾಡುವದೆಂದು ಕೇಳುತ್ತೀರಿ. ಅದಕ್ಕೆ ಪೂರಾ ಉಪಾಯ ನನ್ನಲ್ಲಿಲ್ಲ. ಪಕ್ಕದ ಮನೆಯಲ್ಲಿ ನೋಡಿದ್ದನ್ನು ನಮ್ಮ ಮನೆಗೆ ಬಂದು ಹೇಳುವಷ್ಟು ಧೈರ್ಯ ಅವನಿಗಿರುವಂತೆ ನಡೆದುಕೊಳ್ಳಬಹುದು, ಅಷ್ಟೇ.

ಆ ತಾಯಿಯ ಮನೆಯಲ್ಲಿ ಕಡೆಗೆ ನಡೆದದ್ದು ಹೀಗೆ. ಒಂದು ಭಾನುವಾರ ಮಧ್ಯಾಹ್ನ ತಾಯಿ, ತಾತ, ದೊಡ್ಡ ಮಗ ಮೂವರೂ ಕೂತು ಚಿತ್ರವನ್ನು ನೋಡಿದರು. ನಡುವೆ ಹುಡುಗನು, "ತಾತ, ನಿನ್ನನ್ನೂ ಹೀಗೆ ಬಂದೂಕು ಹಿಡಿದು ಕೆಲಸ ಮಾಡಿಸಿದರೋ?" ಎಂದು ಕೇಳಿದನು. ಇಪ್ಪತ್ತು ವರುಷ ಗಣಿಗೆ ಇಳಿದೂ ಅದರ ವಿಷಯವಾಗಿ ಮನೆಯಲ್ಲಿ ಎಂದೂ ಬಾಯಿ ಬಿಡದ ಆ ಮುದುಕರು ಚಿತ್ರವನ್ನು ನಿಲ್ಲಿಸು ಎಂದರು. ಕೇಜಿನಲ್ಲಿ ಕತ್ತಲೆಗೆ ಇಳಿಯುವಾಗ ಕಿವಿ ಮುಚ್ಚಿಕೊಳ್ಳುವದನ್ನೂ, ಬಂಡೆ ಸಿಡಿದ ದಿನ ಮೇಲೆ ಬಾರದೆ ಹೋದ ತನ್ನ ಜೊತೆಗಾರನ ಸಂಗತಿಯನ್ನೂ ಹೇಳಿದರು. ಆ ದಿನ ಚಿತ್ರ ಮುಗಿಯಲಿಲ್ಲ. ಉಳಿದದ್ದನ್ನು ಮುಂದಿನ ವಾರ ನೋಡಿದರಂತೆ.

ಚಿಕ್ಕವನನ್ನು ಅಜ್ಜಿ ಹಿತ್ತಲಿಗೆ ಕರೆದುಕೊಂಡು ಹೋಗಿದ್ದರು. ಮೊಬೈಲು ಕೆಟ್ಟಿದೆ ಎಂದು ಸುಳ್ಳು ಹೇಳುವದು ಬೇಡವೆಂದು ತಾಯಿ ಮೊದಲೇ ಕಟ್ಟಪ್ಪಣೆ ಮಾಡಿದ್ದರು. "ಅಣ್ಣನಿಗೆ ಬಿಟ್ಟದ್ದನ್ನು ನನಗೇಕೆ ಬಿಡುವದಿಲ್ಲ?" ಎಂದು ಅವನು ಅತ್ತನು. "ನೀನು ಇನ್ನೂ ದೊಡ್ಡವನಾಗಬೇಕಪ್ಪಾ" ಎಂದರು. "ಎಷ್ಟು ದೊಡ್ಡವನಾಗಬೇಕು?" ಎಂದು ಕೇಳಿದನು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನನಗೂ ಗೊತ್ತಿಲ್ಲ. ಬರುವ ಬೇಸಿಗೆ ರಜೆಗೆ ಮತ್ತೆ ಕೇಳು, ಆಗ ನೋಡೋಣ" ಎಂದು ಹೇಳಿದರು. ಗೋಡೆಯ ಕ್ಯಾಲೆಂಡರಿನಲ್ಲಿ ರಜೆಯ ಮೊದಲನೆಯ ದಿನಕ್ಕೆ ಅವನು ಪೆನ್ಸಿಲಿನಿಂದ ಗುಂಡು ಸುತ್ತಿಟ್ಟಿದ್ದಾನೆ.