ಅನುಮತಿ ಮತ್ತು ಒಪ್ಪಿಗೆ

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿ ಗೇರುಮರ ಕಂಡಾಗಲೆಲ್ಲ ನನಗೆ ಕಾಸರಗೋಡಿನ ಪಡ್ರೆ ನೆನಪಾಗುತ್ತದೆ. ಆ ಭಾಗದ ಸರ್ಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುರಿ ಟೀ ಸೊಳ್ಳೆ ಎಂಬ ಕೀಟ. ಆದರೆ ತೋಟದ ಕೆಳಗೆ ಮನೆಗಳಿದ್ದವು, ತೆರೆದ ಬಾವಿಗಳಿದ್ದವು. ಅದು ದೂರದ ಕತೆಯೇನಲ್ಲ. ದಕ್ಷಿಣ ಕನ್ನಡ, ಉಡುಪಿಗಳ ಜೊತೆ ನಮ್ಮ ಉತ್ತರ ಕನ್ನಡದಲ್ಲೂ ಎಂಡೋಸಲ್ಫಾನ್ ಸಂತ್ರಸ್ತರಿದ್ದಾರೆ.

ಇದೆಲ್ಲ ನಡೆದದ್ದು ಅನುಮತಿ ಇಲ್ಲದೆ ಅಲ್ಲ. ಎಂಡೋಸಲ್ಫಾನ್ ನೋಂದಣಿಯಾದ ಔಷಧಿಯೇ ಆಗಿತ್ತು. ವಿಮಾನದಿಂದ ಸಿಂಪಡಿಸುವ ಮುನ್ನ ಜನರಿಗೆ 24 ಗಂಟೆ ಮೊದಲೇ ತಿಳಿಸಬೇಕೆಂಬ ನಿಯಮವೂ ಇದೆ. ಗಮನಿಸಿ: ತಿಳಿಸಬೇಕು ಎಂದಿದೆ, ಕೇಳಬೇಕು ಎಂದಿಲ್ಲ.

ಅನುಮತಿ ಮೇಲಿನಿಂದ ಬರುತ್ತದೆ. ಒಪ್ಪಿಗೆ ಕೆಳಗಿನಿಂದ ಬರಬೇಕು. ನಾವು ಇವೆರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಆದರೆ ಅಪಾಯ ಹೊರುವವನು ಬೇರೆ, ಸಹಿ ಹಾಕುವವನು ಬೇರೆ ಆದಾಗ ಇವುಗಳ ನಡುವಿನ ಅಂತರವೇ ನೈತಿಕ ಪ್ರಶ್ನೆಯಾಗುತ್ತದೆ.

ಹಾಗಾದರೆ ಪ್ರಯೋಗವೇ ಬೇಡವೇ? ಹಾಗೆನ್ನಲಾರೆ. ಬೆಳೆ ಕಳೆದುಕೊಳ್ಳುವ ರೈತನ ಸಂಕಟವೂ ನಿಜ. ಯಾವ ಹೊಸ ಔಷಧಿಯ ಪೂರ್ಣ ಪರಿಣಾಮವೂ ಬಳಸುವ ಮೊದಲೇ ತಿಳಿಯುವುದಿಲ್ಲ. 1968ರ ಕೀಟನಾಶಕ ಕಾಯ್ದೆ ಇದನ್ನು ಒಪ್ಪಿಕೊಂಡೇ, ದೇಶಕ್ಕೆ ಮೊದಲ ಸಲ ಬರುವ ಕೀಟನಾಶಕಕ್ಕೆ ಎರಡು ವರ್ಷದ ತಾತ್ಕಾಲಿಕ ನೋಂದಣಿಗೆ ಅವಕಾಶ ಕೊಟ್ಟಿದೆ. 'ತಾತ್ಕಾಲಿಕ' ಎನ್ನುವುದು ಪ್ರಾಮಾಣಿಕ ಮಾತು. ನಮಗೆ ಇನ್ನೂ ಪೂರ್ತಿ ಗೊತ್ತಿಲ್ಲ ಎಂದು ಅದು ಹೇಳುತ್ತದೆ. ಆ ಮಾತು ಕಡತದಲ್ಲೇ ಉಳಿಯದೆ ತೋಟದ ಕೆಳಗಿನ ಮನೆಗೂ ತಲುಪಬೇಕು.

ಪ್ರಯೋಗ ಎಂದಮೇಲೆ ಅದಕ್ಕೊಂದು ಗಡಿ ಇರಬೇಕು, ನೋಡುತ್ತಿರುವ ಕಣ್ಣಿರಬೇಕು, ಸಾಕು ಎನ್ನುವ ಅಧಿಕಾರ ಯಾರಿಗಾದರೂ ಇರಬೇಕು. ಪಡ್ರೆಯಲ್ಲಿ ಪ್ರಯೋಗವೆಂಬ ಹೆಸರೇ ಇರಲಿಲ್ಲ. ಆದ್ದರಿಂದ ನೋಡುವವರನ್ನು ಯಾರೂ ನೇಮಿಸಲಿಲ್ಲ. ನೋಡಿದವರು ಊರಿನ ವೈದ್ಯ ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮತ್ತು ಮಕ್ಕಳನ್ನು ಎತ್ತಿಕೊಂಡು ಓಡಾಡಿದ ತಾಯಂದಿರು. ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ನೀಡಿದ್ದು 2011ರ ಮೇ ತಿಂಗಳಲ್ಲಿ, ಅಂದರೆ ಹೆಲಿಕಾಪ್ಟರ್ ನಿಂತು ಹತ್ತು ವರ್ಷಗಳ ಮೇಲೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳಕ್ಕೆ ಹೇಳಿದ್ದು 2017ರಲ್ಲಿ.

ಪರಿಹಾರ ತಡವಾಗಿ ಬಂದ ಕ್ಷಮೆ ಇರಬಹುದು. ಅದು ತಡವಾಗಿ ಕೇಳಿದ ಒಪ್ಪಿಗೆಯಾಗಲಾರದು. ಮುಂದಿನ ಅನುಮತಿಪತ್ರದಲ್ಲಿ ಔಷಧಿಯ ಹೆಸರು, ಅವಧಿ, ಪ್ರಮಾಣಗಳ ಜೊತೆ ಇನ್ನೊಂದು ಸಾಲು ಇರಲಿ: ಬೇಡ ಎನ್ನುವ ಹಕ್ಕು ಯಾರಿಗಿದೆ? ಆ ಸಾಲು ಖಾಲಿ ಇದ್ದರೆ ಸಹಿ ಹಾಕುವ ಕೈ ಸ್ವಲ್ಪ ಹೊತ್ತಾದರೂ ತಡೆಯಬೇಕು.