ಸತ್ಯಕ್ಕೂ ಒಬ್ಬ ಜೊತೆಗಾರ ಬೇಕು



ಇಷ್ಟೊಂದು ಮೆಟ್ಟಿಲು ಹತ್ತಿ ಬಂದಿದ್ದೀರಿ. ಮಂಟಪದ ನೆರಳಿನಲ್ಲಿ ಐದು ನಿಮಿಷ ಕುಳಿತು ಈ ನಾಲ್ಕು ಮಾತು ಓದಿ. ಸುಳ್ಳು ಹೇಳಬಾರದು ಎಂದು ಬೋಧನೆ ಮಾಡುವುದು ನನ್ನ ಉದ್ದೇಶವಲ್ಲ. ಅದು ಒಂದನೇ ತರಗತಿಯ ಮಗುವಿಗೂ ಗೊತ್ತು. ಸುಳ್ಳು ಬಿಡಬೇಕೆಂಬ ಮನಸ್ಸಿದ್ದೂ ಬಿಡಲಾಗದವನು ಏನು ಮಾಡಬೇಕು? ದೇವರ ಮುಂದೆ ತಪ್ಪೊಪ್ಪಿಕೊಂಡರೆ ಸಾಕೇ? ಇದು ನನ್ನ ಪ್ರಶ್ನೆ. ಏಕೆಂದರೆ ನಾನೇ ಅಂಥವನಾಗಿದ್ದೆ.

ಲಾಭಕ್ಕೋ ಭಯಕ್ಕೋ ಹೇಳುವ ಸುಳ್ಳು ಒಂದು ಬಗೆ. ಅದನ್ನು ಎಲ್ಲರೂ ಬಲ್ಲರು. ಇನ್ನೊಂದು ಬಗೆಯದು ಕಾರಣವೇ ಇಲ್ಲದೆ ತಾನಾಗಿ ಬಾಯಿಗೆ ಬರುತ್ತದೆ. ಇಡ್ಲಿ ತಿಂದು ಬಂದವನು ದೋಸೆ ತಿಂದೆ ಅನ್ನುತ್ತಾನೆ. ಬಸ್ಸಿನಲ್ಲಿ ನಿಂತು ಬಂದವನು ಸ್ನೇಹಿತರ ಕಾರಿನಲ್ಲಿ ಬಂದೆ ಅನ್ನುತ್ತಾನೆ. ಹೀಗೆ ಮಿತಿಮೀರಿ ಸುಳ್ಳು ಹೆಣೆಯುವವರ ಬಗ್ಗೆ ಆಂಟನ್ ಡೆಲ್‌ಬ್ರೂಕ್ ಎಂಬ ಜರ್ಮನ್ ಮನೋವೈದ್ಯರು 1891ರಲ್ಲೇ ಬರೆದಿದ್ದಾರೆ. 2016ರಲ್ಲಿ ಲಂಡನ್ನಿನ ಸಂಶೋಧಕರು ಪ್ರಯೋಗ ಮಾಡಿ ಇನ್ನೊಂದು ಸಂಗತಿ ಕಂಡುಕೊಂಡರು. ಮನುಷ್ಯ ಸ್ವಾರ್ಥಕ್ಕಾಗಿ ಮತ್ತೆ ಮತ್ತೆ ಸುಳ್ಳು ಹೇಳಿದಂತೆಲ್ಲ ಮಿದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ಸ್ಪಂದಿಸುವುದು ಕಡಿಮೆಯಾಗುತ್ತಾ ಹೋಯಿತು. ಬರಿಗಾಲಲ್ಲಿ ನಡೆದು ನಡೆದು ಅಂಗಾಲು ಗಟ್ಟಿಯಾಗುತ್ತದಲ್ಲ, ಹಾಗೆ. ಮೊದಲ ಸುಳ್ಳು ಮುಳ್ಳಿನಂತೆ ಚುಚ್ಚುತ್ತದೆ. ನೂರನೆಯದು ಚುಚ್ಚುವುದೇ ಇಲ್ಲ.

ನನ್ನದು ಹಾಗೇ ಆಗಿತ್ತು. ಒಮ್ಮೆ ಸಾಲ ತೀರಿಸಲು ಅಣ್ಣನಿಗೆ ಫೋನ್ ಮಾಡಿ, "ಅಪ್ಪನಿಗೆ ಹುಷಾರಿಲ್ಲ, ಆಸ್ಪತ್ರೆಗೆ ದುಡ್ಡು ಬೇಕು" ಅಂದೆ. ಕಳಿಸಿದ. ಮರುವರ್ಷ ಅಪ್ಪನಿಗೆ ನಿಜವಾಗಿಯೂ ಹುಷಾರು ತಪ್ಪಿತು. ಫೋನ್ ಮಾಡಿದೆ. "ಹೋದ ವರ್ಷವೂ ಇದನ್ನೇ ಹೇಳಿದ್ದೆಯಲ್ಲೋ" ಅಂದು ಇಟ್ಟುಬಿಟ್ಟ. ಎರಡನೇ ರಾತ್ರಿ ಅಪ್ಪ ತೀರಿಕೊಂಡರು. ಅಣ್ಣ ಬಂದಿದ್ದು ಮೂರನೇ ದಿನ. ಬಂದವನು ನನ್ನನ್ನು ಬೈಯಲಿಲ್ಲ. "ನಿನ್ನ ಮಾತು ನಂಬದೆ ತಪ್ಪು ಮಾಡಿದೆ ಕಣೋ" ಅಂತ ಅತ್ತ. ನನ್ನ ತಪ್ಪನ್ನು ಅವನು ಹೊತ್ತುಕೊಂಡ. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ವರ್ಷದ ಕಾರ್ಯ ಮುಗಿಸಿ ಈ ಬೆಟ್ಟಕ್ಕೆ ಬಂದೆ. ಮುಡಿ ಕೊಟ್ಟೆ. ಕರ್ಪೂರದ ಮುಂದೆ ನಿಂತು, ಇನ್ನು ಸುಳ್ಳಾಡುವುದಿಲ್ಲ ಎಂದು ಆಣೆ ಮಾಡಿ ಹುಂಡಿಗೆ ತಪ್ಪುಕಾಣಿಕೆ ಹಾಕಿದೆ. ಹಗುರಾದೆ ಅನ್ನಿಸಿತು. ಕೆಳಗಿಳಿದರೆ ಬಸ್ ನಿಲ್ದಾಣದಲ್ಲಿ ನಮ್ಮೂರಿನವರೊಬ್ಬರು ಸಿಕ್ಕಿ, "ದರ್ಶನ ಚೆನ್ನಾಗಾಯ್ತಾ?" ಅಂದರು. "ಅರ್ಚಕರು ಪರಿಚಯದವರು, ಗರ್ಭಗುಡಿ ಬಾಗಿಲಲ್ಲೇ ಕೂರಿಸಿದ್ರು" ಅಂದೆ. ನಾನು ನಿಂತಿದ್ದು ಮೂರು ಗಂಟೆ ಧರ್ಮದರ್ಶನದ ಸಾಲಿನಲ್ಲಿ. ಬೋಳುತಲೆಗೆ ಹಚ್ಚಿದ ಗಂಧ ಇನ್ನೂ ಒಣಗಿರಲಿಲ್ಲ.

ದೇವರ ಆಣೆಯೂ ಯಾಕೆ ನಿಲ್ಲಲಿಲ್ಲ? ಬಹಳ ದಿನ ಯೋಚಿಸಿದೆ. ದೇವರಿಗೆ ಎಲ್ಲವೂ ಮೊದಲೇ ಗೊತ್ತು. ಗೊತ್ತಿರುವವನ ಮುಂದೆ ಒಪ್ಪಿಕೊಳ್ಳಲು ನಾಚಿಕೆ ಪಡಬೇಕಾಗಿಲ್ಲ. ನಾನು ಸುಳ್ಳು ಹೇಳಿದ್ದು ದೇವರಿಗಲ್ಲ, ಅಣ್ಣನಿಗೆ. ಅಣ್ಣನ ಬಾಕಿಯನ್ನು ಹುಂಡಿಗೆ ಹಾಕಿ ಕೈ ತೊಳೆದುಕೊಂಡರೆ ಲೆಕ್ಕ ಚುಕ್ತಾ ಆಗುತ್ತದೆಯೇ?

ಇದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಜೈನ ಮುನಿಗಳು ತಮ್ಮ ದೋಷವನ್ನು ಗುರುವಿನ ಮುಂದೆ ಬಾಯಿಬಿಟ್ಟು ಹೇಳುವುದಕ್ಕೆ ಆಲೋಚನೆ ಎಂದು ಹೆಸರು. ಪ್ರಾಯಶ್ಚಿತ್ತ ಅಲ್ಲಿಂದಲೇ ಶುರು. ಬೌದ್ಧ ಭಿಕ್ಷುಗಳು ಹುಣ್ಣಿಮೆ, ಅಮಾವಾಸ್ಯೆಗಳಂದು ಸೇರಿ ನಿಯಮಗಳನ್ನು ಪಠಿಸುವ ಮುನ್ನ ತಮ್ಮ ತಪ್ಪನ್ನು ಇನ್ನೊಬ್ಬ ಭಿಕ್ಷುವಿಗೆ ಹೇಳಿಕೊಳ್ಳುತ್ತಾರೆ. ಗಾಂಧೀಜಿ ಹುಡುಗರಾಗಿದ್ದಾಗ ಅಣ್ಣನ ಕಡಗದಿಂದ ಚೂರು ಚಿನ್ನ ಕದ್ದಿದ್ದರು. ದೇವರಲ್ಲಿ ಕ್ಷಮೆ ಕೇಳಿ ಸುಮ್ಮನಾಗಲಿಲ್ಲ. ಚೀಟಿ ಬರೆದು ಹಾಸಿಗೆ ಹಿಡಿದಿದ್ದ ತಂದೆಯ ಕೈಗೇ ಕೊಟ್ಟರು. ತಂದೆ ಕಣ್ಣೀರು ಹಾಕಿ ಚೀಟಿ ಹರಿದರು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ.

1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಕಷ್ಟ ಹೇಳಿಕೊಂಡು ಕುಡಿತದಿಂದ ದೂರ ಉಳಿದರು. ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹಾಗೆ. ತನ್ನ ತಪ್ಪುಗಳನ್ನು ದೇವರಿಗೆ, ತನಗೆ, ಜೊತೆಗೆ ಇನ್ನೊಬ್ಬ ಮನುಷ್ಯನಿಗೂ ಹೇಳಬೇಕು ಎಂಬುದು ಅವರ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದು. ಅಂಥ ಕೂಟದಿಂದ ಕುಡಿತ ಬಿಟ್ಟಿದ್ದ ಗೆಳೆಯನೊಬ್ಬ ನನ್ನ ಕಥೆ ಕೇಳಿ, "ನಿನ್ನದೂ ಚಟವೇ ಕಣಪ್ಪ. ಒಬ್ಬನೇ ಬಿಡಕ್ಕಾಗಲ್ಲ, ಬಾ" ಅಂದ. ಸುಳ್ಳಿನ ಕಾಟವಿದ್ದ ಇನ್ನಿಬ್ಬರನ್ನು ಸೇರಿಸಿದ. ಭಾನುವಾರ ಸಂಜೆ ಶಾಲೆಯ ಜಗಲಿಯಲ್ಲಿ ನಾಲ್ವರೂ ಕೂರುತ್ತಿದ್ದೆವು.

ನಿಯಮ ನಾಲ್ಕೇ. ವಾರದಲ್ಲಿ ಆಡಿದ ಸುಳ್ಳನ್ನು ಹೇಳಬೇಕು, ಸಮರ್ಥನೆ ಕೊಡಬಾರದು. ಕೇಳಿದವರು ನಗಬಾರದು, ಛೀ ಅನ್ನಬಾರದು. ಇಲ್ಲಿ ಆಡಿದ್ದು ಜಗಲಿ ದಾಟಬಾರದು. ನಾಲ್ಕನೆಯದೇ ಕಷ್ಟ: ಸುಳ್ಳು ಯಾರಿಗೆ ಹೇಳಿದೆವೋ ಅವರ ಬಳಿಗೇ ಮರುದಿನದೊಳಗೆ ಹೋಗಿ, "ನಾನು ಹೇಳಿದ್ದು ಸುಳ್ಳು, ನಿಜ ಹೀಗಿದೆ" ಅನ್ನಬೇಕು. ಬಸ್ ನಿಲ್ದಾಣದ ಆ ಹಿರಿಯರ ಮನೆಗೆ ನಾನು ಮೂರು ಸಲ ಹೋಗಿ ಬಾಗಿಲಿಂದಲೇ ವಾಪಸ್ ಬಂದೆ. ನಾಲ್ಕನೇ ಸಲ ಹೇಳಿದೆ. "ಅಷ್ಟೇ ತಾನೇ, ಕೂತ್ಕೋ, ಕಾಫಿ ಕುಡಿ" ಅಂದರು. ಅಣ್ಣನಿಗೆ ಹೇಳಲು ಮಾತ್ರ ವರ್ಷವೇ ಹಿಡಿಯಿತು. ಹಳೇ ಸುಳ್ಳನ್ನೂ, ಅವನದೇನೂ ತಪ್ಪಿಲ್ಲವೆಂಬುದನ್ನೂ ಹೇಳಿ, ದುಡ್ಡು ಮುಂದಿಟ್ಟೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಊಟಕ್ಕೆ ಎಬ್ಬಿಸಿದ.

ಸುಳ್ಳುಗಾರರೇ ಸೇರಿದರೆ ಒಬ್ಬರನ್ನೊಬ್ಬರು ನಂಬುವುದು ಹೇಗೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಒಂದು ಭಾನುವಾರ ನಾನು, "ಈ ವಾರ ಇಪ್ಪತ್ತು ಸುಳ್ಳು" ಎಂದು ಕಣ್ಣೀರು ಹಾಕಿದೆ. ಗೆಳೆಯ ಮೆತ್ತಗೆ, "ನಿಜಕ್ಕೂ ಎಷ್ಟು?" ಅಂದ. ಆರು. ತಪ್ಪೊಪ್ಪಿಗೆಯನ್ನೂ ದೊಡ್ಡದು ಮಾಡಿ ಹೊಗಳಿಕೆ ಗಿಟ್ಟಿಸಲು ನೋಡಿದ್ದೆ. ಅವನು ಕುಡಿಯುತ್ತಿದ್ದ ಕಾಲದಲ್ಲಿ ಇದೇ ಆಟ ಆಡಿದ್ದವನು, ಹಾಗಾಗಿ ಗುರುತು ಸಿಕ್ಕಿತು. ಸಜ್ಜನರು ನನ್ನನ್ನು ಕ್ಷಮಿಸುತ್ತಿದ್ದರು. ಇವರು ನನ್ನನ್ನು ಕಂಡುಹಿಡಿದರು. ನನಗೆ ಬೇಕಾಗಿದ್ದುದು ಅದು.

ಒಂದು ಎಚ್ಚರ. ಸತ್ಯವೆಂದು ಕಂಡವರ ಗುಟ್ಟನ್ನೆಲ್ಲ ಬಯಲಿಗೆಳೆಯಬಾರದು. ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆಯಿದೆ. ಅಡಗಿದ್ದ ಜನರ ಜಾಗವನ್ನು ಸತ್ಯವ್ರತದ ಹೆಸರಿನಲ್ಲಿ ದರೋಡೆಕೋರರಿಗೆ ತೋರಿಸಿ, ಅವರ ಸಾವಿಗೆ ಕಾರಣನಾಗಿ ನರಕಕ್ಕೆ ಹೋದ. ನಾವು ಒಪ್ಪಿಸಬೇಕಾದ್ದು ನಮ್ಮ ಸುಳ್ಳನ್ನು, ಇನ್ನೊಬ್ಬರ ಜೀವವನ್ನಲ್ಲ. ಹಾಗೆಯೇ ಸುಳ್ಳಿನ ಹಿಂದೆ ಖಿನ್ನತೆ, ಕುಡಿತ, ಜೂಜು ಇದ್ದರೆ ಗೆಳೆಯರಷ್ಟೇ ಸಾಲದು, ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಸಲಹೆ ಸಿಗುತ್ತದೆ.

ಈಗ ನಾನು ಪೂರಾ ಗುಣವಾದೆನೇ? ಈಗಲೂ ಸುಳ್ಳು ಜಾರುತ್ತದೆ. ಮಾತಿನ ನಡುವೆಯೇ ನಿಲ್ಲಿಸಿ, "ಇಲ್ಲ, ತಪ್ಪು ಹೇಳಿದೆ" ಅನ್ನುವುದನ್ನು ಕಲಿತಿದ್ದೇನೆ. ನನ್ನ ಹೆಂಡತಿ ಎಷ್ಟೋ ವರ್ಷ ನನ್ನ ಪ್ರತಿ ಮಾತನ್ನೂ ಪಕ್ಕದ ಮನೆಯಲ್ಲಿ ವಿಚಾರಿಸಿ ನೋಡುತ್ತಿದ್ದಳು. ಒಂದು ಸಂಜೆ, "ಪೇಟೆಯಲ್ಲಿ ತಡವಾಯ್ತು" ಅಂದೆ. "ಸರಿ, ಕೈಕಾಲು ತೊಳ್ಕೊಂಡು ಬನ್ನಿ" ಅಂದಳು. ಎರಡನೇ ಪ್ರಶ್ನೆ ಕೇಳಲಿಲ್ಲ. ಅಂದು ನನಗೆ ಆದದ್ದೇ ದರ್ಶನ.

ಧರ್ಮರಾಯನ ರಥ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿತ್ತಂತೆ. ಅಶ್ವತ್ಥಾಮ ಸತ್ತನೆಂಬ ಒಂದು ಅರೆಸುಳ್ಳಿಗೆ ಅದು ನೆಲಕ್ಕಿಳಿಯಿತು. ನನ್ನಂಥವರ ರಥ ಹುಟ್ಟಿದಂದಿನಿಂದಲೂ ನೆಲದ ಮೇಲೆಯೇ. ಇರಲಿ, ನೆಲದ ಮೇಲೆ ಓಡುವ ಬಂಡಿಯೂ ಊರು ಸೇರುತ್ತದೆ.

ಇಲ್ಲಿ ಆಣೆ ಮಾಡುವವರು ಮಾಡಿ. ತಪ್ಪುಕಾಣಿಕೆಯನ್ನೂ ಹಾಕಿ. ಕೆಳಗಿಳಿದ ಮೇಲೆ ಆ ಆಣೆಯನ್ನು ಒಬ್ಬ ಮನುಷ್ಯನಿಗೆ ತಿಳಿಸಿ, ವಾರಕ್ಕೊಮ್ಮೆ ವಿಚಾರಿಸುವಂತೆ ಬೇಡಿಕೊಳ್ಳಿ. ಇಳಿಯುವಾಗ ಮೊಣಕಾಲು ನಡುಗಿದರೆ ಪಕ್ಕದವರ ಕೈ ಹಿಡಿಯುತ್ತೀರಲ್ಲ, ಇದೂ ಹಾಗೆಯೇ.