ಇನ್ನೊಬ್ಬರ ಹೆಸರಿಗೆ ಸಂದ ನಂಬಿಕೆ

ಪರಸ್ಥಳದಲ್ಲಿ ಬಾಳುವೆ ಮಾಡುವ ನಮಗೆ ಬಾಗಿಲು ತಟ್ಟಿದ ಸದ್ದು ಒಂದು ಸಣ್ಣ ಪರೀಕ್ಷೆಯೇ ಸರಿ. ಹೊರಗೆ ನಿಂತವನು ಅಪರಿಚಿತ. ಆದರೆ ಅವನು ಕನ್ನಡದಲ್ಲಿ ನಾಲ್ಕು ಮಾತನಾಡಿ, ನಮ್ಮ ಸೀಮೆಯ ಊರೊಂದರ ಹೆಸರು ಹೇಳಿ, ನಮಗೆ ಬೇಕಾದ ಹಿರಿಯರೊಬ್ಬರ ಹೆಸರನ್ನೂ ಸೇರಿಸಿದನೆಂದರೆ ಬಾಗಿಲ ಸರಪಳಿ ತಾನಾಗಿ ಕಳಚುತ್ತದೆ. ಒಳಗೆ ಒಲೆಯ ಮೇಲೆ ಕಾಫಿಗೆ ನೀರು ಏರುತ್ತದೆ. ಅವನು ಹೋದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ನಾವು ನಂಬಿದ್ದು ಯಾರನ್ನು? ಎದುರು ಕುಳಿತವನನ್ನೇ, ಅವನು ಹೇಳಿದ ಹೆಸರನ್ನೇ?

ಈಚೆಗೆ ಹಳೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಮತ್ತೊಮ್ಮೆ ಓದುವಾಗ ಈ ಪ್ರಶ್ನೆ ನಮ್ಮನ್ನು ಬಹುವಾಗಿ ಕಾಡಿತು. ಲಂಡನ್ನಿನ ವಕೀಲ ಆಂಥೊನಿ ಹೋಪ್ 1894ರಲ್ಲಿ ಪ್ರಕಟಿಸಿದ ‘ದಿ ಪ್ರಿಸನರ್ ಆಫ್ ಜೆಂಡಾ’ ಎಂಬ ಕೃತಿ ಅದು. ಅಪಹರಣ, ಪ್ರೇಮ, ಕತ್ತಿಯ ಕಾಳಗ ಎಲ್ಲವೂ ಇರುವ, ಒಮ್ಮೆ ಕೈಗೆತ್ತಿಕೊಂಡರೆ ದೀಪ ಆರಿಸಲು ಬಿಡದ ಕಥೆ. 1958ರಲ್ಲಿ ಎಂ.ಜಿ. ರಾಮಚಂದ್ರನ್ ನಟಿಸಿ ನಿರ್ದೇಶಿಸಿದ ತಮಿಳಿನ ‘ನಾಡೋಡಿ ಮನ್ನನ್’ ಇದರ ನೆರಳಿನಲ್ಲೇ ಬೆಳೆದದ್ದು, ನಮ್ಮ ಬಿ. ಸರೋಜಾದೇವಿಯವರು ತಮಿಳು ನಾಡಿನ ಮನೆಮಾತಾದದ್ದು ಆ ಚಿತ್ರದ ನಂತರ. ಬಂಗಾಳಿಯಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ‘ಝಿಂದೇರ್ ಬಂದಿ’ಯೂ, 1961ರಲ್ಲಿ ಬಂದ ಅದರ ಚಲನಚಿತ್ರವೂ ಇದೇ ಬೀಜದವು.

ಕಥೆ ಹೀಗಿದೆ. ರುಡಾಲ್ಫ್ ರಾಸೆಂಡಿಲ್ ಎಂಬ ಕೆಲಸವಿಲ್ಲದ ಸಿರಿವಂತ ಇಂಗ್ಲಿಷ್ ತರುಣ, ರುರಿಟೇನಿಯ ಎಂಬ ಕಲ್ಪಿತ ದೇಶಕ್ಕೆ ಅಲ್ಲಿಯ ಪಟ್ಟಾಭಿಷೇಕ ನೋಡಲು ಹೋಗುತ್ತಾನೆ. ಹೊಸ ಅರಸನಿಗೂ ಇವನಿಗೂ ಹೆಸರು ಒಂದೇ, ಮುಖವೂ ಹೆಚ್ಚುಕಡಮೆ ಒಂದೇ. ಪಟ್ಟಾಭಿಷೇಕದ ಹಿಂದಿನ ರಾತ್ರಿ ಅರಸನ ಮಲತಮ್ಮ ಮೈಕೇಲ್ ಕಳಿಸಿದ ಮದ್ದು ಬೆರೆಸಿದ ಮದ್ಯ ಕುಡಿದು ಅರಸ ಎಚ್ಚರ ತಪ್ಪುತ್ತಾನೆ. ಸಿಂಹಾಸನ ಮೈಕೇಲನ ಪಾಲಾಗದಿರಲೆಂದು, ಅರಸನ ನಿಷ್ಠ ಸೇವಕರಾದ ಸ್ಯಾಪ್ಟ್ ಮತ್ತು ಫ್ರಿಟ್ಸ್ ಈ ಪರದೇಶಿಯನ್ನೇ ಅರಸನೆಂದು ಕರೆದೊಯ್ದು ಕಿರೀಟ ತೊಡಿಸುತ್ತಾರೆ. ಒಂದು ದಿನದ ಮಾತು ಎಂದುಕೊಂಡು ಹಿಂದಿರುಗಿದರೆ ಕಾವಲಿಗಿದ್ದವನ ಹೆಣ ಬಿದ್ದಿದೆ, ನಿಜವಾದ ಅರಸನನ್ನು ಮೈಕೇಲನ ಕಡೆಯವರು ಹೊತ್ತೊಯ್ದು ಜೆಂಡಾದ ಕೋಟೆಯಲ್ಲಿ ಸೆರೆಯಿಟ್ಟಿದ್ದಾರೆ. ಹುಸಿ ಅರಸನ ಗುಟ್ಟು ಹೊರಗೆಡಹಿದರೆ ಮೈಕೇಲನ ಅಪರಾಧವೂ ಬಯಲಾಗುತ್ತದೆ. ಮೈಕೇಲನನ್ನು ಬಹಿರಂಗವಾಗಿ ಹಿಡಿದರೆ ಸೆರೆಯಾಳಿನ ಪ್ರಾಣ ಹೋಗುತ್ತದೆ. ಹೀಗಾಗಿ ಒಂದು ದಿನದ ವೇಷ ಮುಂದುವರಿಯುತ್ತದೆ.

ಈ ವೇಷದ ನಡುವೆ ನಿಂತವಳು ರಾಜಕುಮಾರಿ ಫ್ಲಾವಿಯ. ಅರಸನ ದಾಯಾದಿ, ಅವನ ರಾಣಿಯಾಗುವಳೆಂದು ಜನ ಬಯಸಿದವಳು. ಮೊದಲಿನ ಅರಸನ ಕುಡಿತ, ಉಡಾಫೆ ಅವಳಿಗೆ ಗೊತ್ತು. ಈಗಿನವನಲ್ಲಿ ಬೇರೊಂದು ನಡತೆ ಕಾಣುತ್ತದೆ. ಕಿರೀಟ ಮನುಷ್ಯನನ್ನು ತಿದ್ದಿತೆಂದು ಅವಳು ಸಂತೋಷಪಡುತ್ತಾಳೆ, ಮನಸ್ಸು ಕೊಡುತ್ತಾಳೆ. ಅವಳು ಮೆಚ್ಚಿದ ಗುಣ ನಿಜ, ಆ ಗುಣಕ್ಕೆ ಅವಳು ಕೊಟ್ಟ ಹೆಸರು ಸುಳ್ಳು. ಹಾಗಾದರೆ ಅವಳು ಮೋಸಹೋದಳೋ ಇಲ್ಲವೋ?

ಮೋಸವಾಗಲಿಲ್ಲ ಎನ್ನುವವರ ವಾದ ಬಲವಾಗಿಯೇ ಇದೆ. ಸುಳ್ಳು ಆಡಿದ್ದು ಸ್ವಾರ್ಥಕ್ಕಲ್ಲ, ಸೆರೆಯಲ್ಲಿರುವವನ ಜೀವಕ್ಕಾಗಿ. ಅಷ್ಟೇ ಅಲ್ಲ, ಮೈಕೇಲನ ಕಡೆಯ ರೂಪರ್ಟ್ ಎಂಬ ಪುಂಡ ಒಂದು ಹಂತದಲ್ಲಿ ರುಡಾಲ್ಫನಿಗೆ ಹಂಚಿಕೆಯೊಂದನ್ನು ಸೂಚಿಸುತ್ತಾನೆ: ಮೈಕೇಲನೂ ಸಾಯಲಿ, ಸೆರೆಯಾಳೂ ಸಾಯಲಿ, ರಾಜ್ಯವೂ ರಾಜಕುಮಾರಿಯೂ ನಿನಗಿರಲಿ. ಹಾಗೆ ಮಾಡಿದ್ದರೆ ಲೋಕಕ್ಕೆ ತಿಳಿಯುತ್ತಲೇ ಇರಲಿಲ್ಲ. ಆ ಆಸೆ ತನ್ನೊಳಗೂ ಹೆಡೆಯೆತ್ತಿತ್ತೆಂದು ರುಡಾಲ್ಫ್ ಮುಚ್ಚಿಡುವುದಿಲ್ಲ. ಆದರೂ ಪ್ರಾಣದ ಹಂಗು ತೊರೆದು ಅರಸನನ್ನು ಬಿಡಿಸಿ, ಎರವಲು ಪಡೆದದ್ದನ್ನು ಹಿಂದಕ್ಕೆ ಒಪ್ಪಿಸುತ್ತಾನೆ. ಇನ್ನೊಬ್ಬರ ಹೆಸರಿನಲ್ಲಿ ಬಂದ ನಂಬಿಕೆ ಇಡುಗಂಟು ಇದ್ದಂತೆ. ಕೇಳುವವರಿಲ್ಲದಾಗಲೂ ಅದನ್ನು ಮುಟ್ಟದವನೇ ಸಜ್ಜನ. ಈ ಮಾತನ್ನು ನಾವು ಒಪ್ಪುತ್ತೇವೆ.

ಆದರೂ ಮನಸ್ಸು ಪೂರ್ತಿ ಸಮಾಧಾನಗೊಳ್ಳುವುದಿಲ್ಲ. ಅರಮನೆಯಲ್ಲಿ ನೃತ್ಯೋತ್ಸವ ನಡೆದ ಇರುಳು ರುಡಾಲ್ಫ್ ತಾನು ಅರಸನಲ್ಲವೆಂದು ಅವಳಿಗೆ ಹೇಳಲು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಸ್ಯಾಪ್ಟ್ ಬರುತ್ತಾನೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ರಾಜ್ಯದ ಹಿತವನ್ನು ಲೆಕ್ಕ ಹಾಕಿದವರು ಮೂವರು ಗಂಡಸರು. ಆ ಲೆಕ್ಕದ ಬೆಲೆ ತೆತ್ತವಳು ಫ್ಲಾವಿಯ. ಕೊನೆಗೆ ಗಾಯಗೊಂಡು ಕಾಡಿನಲ್ಲಿ ಮರೆಯಾಗಿದ್ದ ರುಡಾಲ್ಫನನ್ನು ಅರಸನೆಂದೇ ತಿಳಿದು ಅವಳು ಹತ್ತಿರ ಬಂದಾಗ ನಿಜ ತಿಳಿಯುತ್ತದೆ. ಅವಳು ಪ್ರೀತಿಯನ್ನು ನುಂಗಿಕೊಂಡು ತನ್ನ ಮನೆತನಕ್ಕೂ ನಾಡಿಗೂ ಸಲ್ಲಬೇಕಾದ ಕರ್ತವ್ಯವನ್ನೇ ಆರಿಸಿಕೊಳ್ಳುತ್ತಾಳೆ. ಕಥೆಯಲ್ಲಿ ಅವಳ ಕೈಗೆ ಸತ್ಯ ಬಂದದ್ದು ಆಗಲೇ, ಬಂದೊಡನೆ ಎಲ್ಲರಿಗಿಂತ ಗಟ್ಟಿಯಾಗಿ ನಡೆದುಕೊಂಡವಳೂ ಅವಳೇ. ಮೊದಲೇ ಹೇಳಿದ್ದರೆ ಅವಳು ಗುಟ್ಟನ್ನು ಕಾಪಾಡುತ್ತಿರಲಿಲ್ಲವೇ? ಕೇಳಿ ನೋಡುವ ಗೊಡವೆಗೇ ಅವರು ಹೋಗಲಿಲ್ಲ. ಇಡುಗಂಟನ್ನು ಹಿಂದಿರುಗಿಸಿದ್ದು ದೊಡ್ಡದು. ಆದರೆ ಇಟ್ಟವಳಿಗೆ ತಾನು ಯಾರ ಬಳಿ ಇಟ್ಟೆನೆಂಬುದೇ ಗೊತ್ತಿರಲಿಲ್ಲ.

ಇಲ್ಲಿ ನಮಗೆ ವಾಲ್ಮೀಕಿಯ ಸುಂದರಕಾಂಡ ನೆನಪಾಗುತ್ತದೆ. ಸೀತೆಯೂ ಅಪಹೃತಳೇ, ಅವಳು ಮೋಸಹೋದದ್ದೂ ಸನ್ಯಾಸಿಯ ವೇಷಕ್ಕೆ. ಅಂಥವಳ ಎದುರು ಅಶೋಕವನದಲ್ಲಿ ಹನುಮಂತ ಬಂದು ರಾಮನ ಹೆಸರು ಹೇಳಿದರೆ, ಇವನೂ ರಾವಣನೇ ಇರಬಹುದೆಂದು ಅವಳು ಶಂಕಿಸುತ್ತಾಳೆ. ಹನುಮಂತ ಅದಕ್ಕೆ ನೊಂದುಕೊಳ್ಳುವುದಿಲ್ಲ, ಅವಸರಿಸುವುದೂ ಇಲ್ಲ. ಅವಳು ರಾಮಲಕ್ಷ್ಮಣರ ಚಹರೆ ಕೇಳುತ್ತಾಳೆ, ಅವನು ಹೇಳುತ್ತಾನೆ. ವಾನರರಿಗೂ ರಾಮನಿಗೂ ಹೇಗೆ ನಂಟಾಯಿತೆಂದು ವಿವರಿಸುತ್ತಾನೆ. ಮುದ್ರೆಯುಂಗುರ ಬರುವುದು ಇಷ್ಟೆಲ್ಲ ಆದ ಮೇಲೆ. ಅವನೂ ಇನ್ನೊಬ್ಬರ ಹೆಸರಿನಲ್ಲಿಯೇ ನಂಬಿಕೆ ಕೇಳಲು ಬಂದವನು. ಆದರೆ ಅವಳಿಗೆ ಸಂದೇಹಪಡಲು ಎಡೆ ಕೊಟ್ಟ. ಫ್ಲಾವಿಯಳಿಗೆ ಸಿಗದೆ ಹೋದದ್ದು ಇದೇ.

ಸಂದೇಹವನ್ನು ನಂಬಿಕೆಯ ವೈರಿ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಪ್ರಾಮಾಣಿಕನಾದವನು ಸಂದೇಹಕ್ಕೆ ಅಂಜುವುದಿಲ್ಲ, ವಂಚಕನಿಗೆ ಅದನ್ನು ಸಹಿಸಲು ಬರುವುದಿಲ್ಲ. ಇದಕ್ಕೆ ಇಂದಿನ ನಮ್ಮ ನಗರಗಳೇ ಸಾಕ್ಷಿ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯ ಬಗ್ಗೆ 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಬಾನುಲಿಯಲ್ಲಿ ಎಚ್ಚರಿಸಿದರು. ಫೋನಿನ ಪರದೆಯ ಮೇಲೆ ಪೊಲೀಸ್ ಸಮವಸ್ತ್ರದವನೊಬ್ಬ ಕಾಣಿಸಿಕೊಂಡು, ನಿವೃತ್ತ ಜೀವನ ನಡೆಸುತ್ತಿರುವ ಹಿರಿಯರನ್ನು ಅವರ ಮನೆಯ ಕೋಣೆಯಲ್ಲಿಯೇ ಸೆರೆಯಾಳು ಮಾಡುತ್ತಾನೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಅವನ ಮೊದಲ ಆಜ್ಞೆ ಯಾವುದು? ಫೋನು ಇಡಬೇಡಿ, ಮಕ್ಕಳಿಗೂ ಹೇಳಬೇಡಿ ಎಂಬುದು. ಹೊತ್ತೊಯ್ಯದೆ ಮಾಡುವ ಈ ಅಪಹರಣದ ಹಗ್ಗವೆಲ್ಲ ಆ ಒಂದು ಮಾತಿನಲ್ಲಿದೆ. ಇನ್ನೊಬ್ಬರನ್ನು ವಿಚಾರಿಸಲು ಬಿಡದವನು ಯಾರ ಹೆಸರು ಹೇಳಿಕೊಂಡು ಬಂದರೂ ನಂಬಲು ತಕ್ಕವನಲ್ಲ.

ಇಷ್ಟು ಬರೆಯುವಾಗ ನಮ್ಮದೇ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ಮೊದಲ ಸಲ ಮುಂಬಯಿಗೆ ಬಂದಿಳಿದಾಗ ನಮ್ಮ ಬಳಿ ಇದ್ದದ್ದು ಒಂದು ಟ್ರಂಕು, ಊರಿನ ಮೇಷ್ಟ್ರು ಬರೆದುಕೊಟ್ಟ ಒಂದು ಕಾಗದ. ಆ ಕಾಗದ ಹಿಡಿದು ಮಾಟುಂಗಾದ ಎರಡು ಕೋಣೆಯ ಮನೆಯೊಂದರ ಮುಂದೆ ನಿಂತೆವು. ಮನೆಯ ಯಜಮಾನರು ಕಾಗದ ಓದಿ, ಮೊದಲು ಊಟಕ್ಕೆ ಏಳಿ ಎಂದರು. ಊಟವಾದ ಮೇಲೆ ನಮ್ಮೆದುರಿಗೇ ಕುಳಿತು ಮೇಷ್ಟ್ರಿಗೆ ಒಂದು ಕಾರ್ಡು ಬರೆದರು: ನಿಮ್ಮ ಹೆಸರು ಹೇಳಿಕೊಂಡು ಇಂಥವನು ಬಂದಿದ್ದಾನೆ, ನಿಮ್ಮವನೇ ಹೌದೋ ತಿಳಿಸಿ. ಬರೆದು ನಮ್ಮ ಕೈಗೇ ಕೊಟ್ಟು, ಡಬ್ಬಿಗೆ ಹಾಕಿ ಬಾ ಎಂದರು.

ಅಂದು ಮುಖಕ್ಕೆ ಹೊಡೆದಂತಾಗಿತ್ತು. ಅನ್ನ ಹಾಕಿ ಅವಮಾನ ಮಾಡಿದರಲ್ಲ ಎಂದು ಬೀದಿಯುದ್ದಕ್ಕೂ ಮನಸ್ಸು ಕುದಿಯಿತು. ಆ ಕಾರ್ಡನ್ನು ಹರಿದು ಎಸೆಯಬಹುದಾಗಿತ್ತು. ಎಸೆದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ ಎಂಬ ಯೋಚನೆಯೂ ಬಾರದಿರಲಿಲ್ಲ. ಡಬ್ಬಿಗೆ ಹಾಕಿ ಬಂದೆವು. ಅವರು ಸಂದೇಹವನ್ನು ಬೆನ್ನ ಹಿಂದೆ ಬಚ್ಚಿಡದೆ ನಮ್ಮ ಕೈಯಲ್ಲೇ ಇಟ್ಟದ್ದು ಎಂಥ ದೊಡ್ಡ ನಂಬಿಕೆ ಎಂಬುದು ತಿಳಿಯಲು ಬಹಳ ವರ್ಷ ಬೇಕಾಯಿತು. ಮೇಷ್ಟ್ರ ಉತ್ತರ ಬರುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಆ ವಾರವೆಲ್ಲ ನಾವು ಮೇಷ್ಟ್ರ ಹೆಸರಿನ ಅನ್ನ ಉಂಡೆವು. ಆಮೇಲೆ ಉಂಡದ್ದು ನಮ್ಮ ಹೆಸರಿನದು.